ಮಸ್ಟ್ಯಾಂಗ್ ಕುದುರೆ ಅಮೆರಿಕದ್ದೋ, ಹೊರಗಿನದ್ದೋ? ಪೂರ್ವಜರ ಮೂಳೆಗಳು ಹೇಳುವುದೇನು

ಅಮೆರಿಕದ ಪಶ್ಚಿಮ ರಾಜ್ಯಗಳ ಒಣಭೂಮಿಯಲ್ಲಿ ಲಗಾಮಿಲ್ಲದೆ ಓಡಾಡುವ ಕುದುರೆಗಳಿಗೆ ಮಸ್ಟ್ಯಾಂಗ್ ಎಂದು ಹೆಸರು. ಸರ್ಕಾರಿ ಭೂಮಿಯಲ್ಲಿರುವ ಇವುಗಳಿಗೆ 1971ರ ಕಾಯ್ದೆಯ ರಕ್ಷಣೆ ಇದೆ. ಅಲ್ಲಿನ ಭೂ ನಿರ್ವಹಣಾ ಇಲಾಖೆಯ 2024ರ ಮಾರ್ಚ್ ಅಂದಾಜಿನಂತೆ, ಕಾಡುಬಿದ್ದ ಕತ್ತೆಗಳೂ ಸೇರಿ ಇವುಗಳ ಸಂಖ್ಯೆ ಸುಮಾರು 73,500. ಆ ನೆಲ ತಾಳಿಕೊಳ್ಳಬಲ್ಲದ್ದು ಎಂದು ಅದೇ ಇಲಾಖೆ ನಿಗದಿ ಮಾಡಿರುವುದು ಸುಮಾರು 25,500. ಹೆಚ್ಚಾದವನ್ನು ಹೆಲಿಕಾಪ್ಟರ್‌ನಿಂದ ಅಟ್ಟಿ ದೊಡ್ಡಿಗೆ ತುಂಬುತ್ತಾರೆ. ಹೀಗೆ ಹಿಡಿದ 60 ಸಾವಿರಕ್ಕೂ ಹೆಚ್ಚು ಪ್ರಾಣಿಗಳು ದೊಡ್ಡಿಗಳಲ್ಲಿ, ಗುತ್ತಿಗೆ ಪಡೆದ ಹುಲ್ಲುಗಾವಲುಗಳಲ್ಲಿ ಸರ್ಕಾರದ ಖರ್ಚಿನಲ್ಲಿ ಮೇಯುತ್ತಿವೆ.

ಜಗಳ ಶುರುವಾಗುವುದು ಇಲ್ಲಿಂದ. ದನ ಸಾಕುವವರು ಮತ್ತು ವನ್ಯಜೀವಿ ತಜ್ಞರಲ್ಲಿ ಹಲವರು, ‘ಇವು ಸ್ಪೇನಿನವರು ತಂದ ಸಾಕುಕುದುರೆಗಳು, ತಪ್ಪಿಸಿಕೊಂಡು ಕಾಡುಬಿದ್ದಿವೆ, ಈ ನೆಲಕ್ಕೆ ಹೊರಗಿನವು’ ಎನ್ನುತ್ತಾರೆ. ಕುದುರೆಯ ಪರ ನಿಂತವರು, ‘ಕುದುರೆ ಹುಟ್ಟಿದ್ದೇ ಉತ್ತರ ಅಮೆರಿಕದಲ್ಲಿ, ಅದು ತನ್ನ ತವರಿಗೆ ಮರಳಿದೆ ಅಷ್ಟೇ’ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಇಬ್ಬರೂ ಎಣಿಸುತ್ತಿರುವುದು ಬೇರೆ ಬೇರೆ ಕಾಲದ ಪೂರ್ವಜರನ್ನು. ಒಬ್ಬರ ಲೆಕ್ಕ 500 ವರ್ಷದ್ದು, ಇನ್ನೊಬ್ಬರದು 5 ಕೋಟಿ ವರ್ಷದ್ದು. ನಡುವೆ ಏನಾಯಿತು ಎಂಬುದನ್ನು ಬಿಡಿಸಿ ನೋಡದೆ ಈ ವಾದ ಮುಂದೆ ಹೋಗದು.

ಬೆಕ್ಕಿನ ತೂಕದ ಕುದುರೆ

ವಯೋಮಿಂಗ್ ರಾಜ್ಯದ ಬಿಗ್‌ಹಾರ್ನ್ ಜಲಾನಯನದಲ್ಲಿ ಸುಮಾರು 5.6 ಕೋಟಿ ವರ್ಷ ಹಳೆಯ ಮಣ್ಣಿನ ಪದರಗಳಿವೆ. ಕುದುರೆ ಕುಟುಂಬದ ಅತ್ಯಂತ ಹಳೆಯ ಸದಸ್ಯರಲ್ಲಿ ಒಂದಾದ ಸಿಫ್ರಿಪ್ಪಸ್ ಸಿಕ್ಕಿದ್ದು ಅಲ್ಲಿ. ಅರಬ್ಬಿಯಲ್ಲಿ ಸಿಫ್ರ್ ಎಂದರೆ ಸೊನ್ನೆ. ಎಣಿಕೆ ಶುರುವಾಗುವ ಕುದುರೆ ಎಂಬರ್ಥದ ಹೆಸರು. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು, ಪಾದದಡಿ ನಾಯಿಗಿರುವಂಥ ಮೆತ್ತೆ. ಹಲ್ಲು ಗಿಡ್ಡ, ಮೃದುವಾದ ಎಲೆ ಮತ್ತು ಹಣ್ಣಿಗೆ ತಕ್ಕವು.

ಆ ಕಾಲದಲ್ಲಿ ಭೂಮಿ ಹಠಾತ್ತನೆ ಬಿಸಿಯಾಗಿತ್ತು. ಬಿಸಿ ಏರಿದ ಮೊದಲ 1.3 ಲಕ್ಷ ವರ್ಷಗಳಲ್ಲಿ ಸಿಫ್ರಿಪ್ಪಸ್‌ನ ಗಾತ್ರ ಸುಮಾರು ಶೇ 30ರಷ್ಟು ಇಳಿದು, 5.6 ಕಿಲೋ ಇದ್ದ ಪ್ರಾಣಿ 4 ಕಿಲೋದ ಆಸುಪಾಸಿಗೆ, ಅಂದರೆ ಮನೆಯ ಬೆಕ್ಕಿನ ತೂಕಕ್ಕೆ ಬಂತು. ಭೂಮಿ ತಣಿದಾಗ ಮತ್ತೆ ಬೆಳೆದು 7 ಕಿಲೋ ಮುಟ್ಟಿತು. ಇದನ್ನು ಕಂಡುಕೊಂಡದ್ದು ಹಲ್ಲುಗಳ ಅಳತೆಯಿಂದ, 2012ರಲ್ಲಿ ಪ್ರಕಟವಾಯಿತು. ‘ಕುದುರೆ ಕಾಲಕ್ರಮೇಣ ದೊಡ್ಡದಾಗುತ್ತಾ ಬಂತು’ ಎಂದು ಶಾಲೆಯಲ್ಲಿ ಕಲಿತ ಪಾಠ ಮೊದಲ ಮೆಟ್ಟಿಲಲ್ಲೇ ಮುಗ್ಗರಿಸುತ್ತದೆ.

ಆ ಪಾಠದ ಚಿತ್ರ ಬಹಳ ಜನರಿಗೆ ನೆನಪಿದೆ. ಎಡಗಡೆ ನಾಯಿಮರಿಯಷ್ಟು ಪ್ರಾಣಿ, ಬಲಗಡೆ ದೊಡ್ಡ ಕುದುರೆ, ನಡುವೆ ಸಾಲಾಗಿ ಎರಡು ಮೂರು. ಇಯೋಹಿಪ್ಪಸ್, ಮೆಸೊಹಿಪ್ಪಸ್, ಮೆರಿಚಿಪ್ಪಸ್, ಪ್ಲಿಯೊಹಿಪ್ಪಸ್, ಕೊನೆಗೆ ಇಂದಿನ ಕುದುರೆ, ಕತ್ತೆ, ಜೀಬ್ರಾಗಳ ಕುಲವಾದ ಈಕ್ವಸ್. ಬೆರಳು ನಾಲ್ಕು, ಮೂರು, ಒಂದು. ಆ ಸಾಲಿನ ಮೂಳೆಗಳೆಲ್ಲ ನಿಜ. ಸಾಲಾಗಿ ಜೋಡಿಸಿದ್ದು ತಪ್ಪು. ಈ ತಪ್ಪು ಹುಟ್ಟಿದ ಬಗೆಯಲ್ಲೇ ಒಂದು ಪಾಠವಿದೆ.

1870ರ ದಶಕದಲ್ಲಿ ಯುರೋಪಿನ ವಿಜ್ಞಾನಿಗಳು, ಮುಖ್ಯವಾಗಿ ರಷ್ಯಾದ ವ್ಲಾದಿಮಿರ್ ಕೊವಾಲೆವ್‌ಸ್ಕಿ ಮತ್ತು ಇಂಗ್ಲೆಂಡಿನ ಥಾಮಸ್ ಹಕ್ಸ್‌ಲಿ, ಅಲ್ಲೇ ಸಿಕ್ಕ ಪಳೆಯುಳಿಕೆಗಳಿಂದ ಒಂದು ವಂಶಾವಳಿ ಕಟ್ಟಿದ್ದರು: ಪೇಲಿಯೊಥೀರಿಯಮ್, ಆಂಕಿಥೀರಿಯಮ್, ಹಿಪ್ಪಾರಿಯನ್, ಕೊನೆಗೆ ಈಕ್ವಸ್. ಒಂದರ ಮೇಲೊಂದು ಪದರದಲ್ಲಿ ಸಿಕ್ಕಿದ್ದರಿಂದ ಒಂದರಿಂದ ಒಂದು ಹುಟ್ಟಿತು ಎಂದುಕೊಂಡರು. 1876ರಲ್ಲಿ ಹಕ್ಸ್‌ಲಿ ಅಮೆರಿಕಕ್ಕೆ ಹೋಗಿ ಯೇಲ್ ವಿಶ್ವವಿದ್ಯಾಲಯದಲ್ಲಿ ಪಳೆಯುಳಿಕೆ ತಜ್ಞ ಓ. ಸಿ. ಮಾರ್ಷ್ ಕೂಡಿಹಾಕಿದ್ದ ಮೂಳೆಗಳನ್ನು ನೋಡಿದರು. ಯುರೋಪಿನಲ್ಲಿ ಕಂಡದ್ದು ಮೂಲ ವಂಶವಲ್ಲ, ಅಮೆರಿಕದಲ್ಲಿ ಬೆಳೆದ ವಂಶದ ಕವಲುಗಳು ಬೇರೆ ಬೇರೆ ಕಾಲದಲ್ಲಿ ಅತ್ತ ವಲಸೆ ಹೋದದ್ದು ಎಂಬುದು ಕ್ರಮೇಣ ಸ್ಪಷ್ಟವಾಯಿತು. ಪದರದ ಮೇಲೆ ಪದರ ಇದ್ದ ಮಾತ್ರಕ್ಕೆ ಅಪ್ಪ ಮಗ ಆಗುವುದಿಲ್ಲ.

ಆಮೇಲೆ ಅಮೆರಿಕದ ಮೂಳೆಗಳನ್ನೂ ಹಾಗೆಯೇ ಸಾಲಾಗಿ ನಿಲ್ಲಿಸಿದ್ದು ಮುಂದಿನವರ ತಪ್ಪು. ಮೆಸೊಹಿಪ್ಪಸ್ ಮಾಯವಾಗಿ ಮಿಯೊಹಿಪ್ಪಸ್ ಬಂದಿಲ್ಲ. ಎರಡೂ ಸುಮಾರು 40 ಲಕ್ಷ ವರ್ಷ ಜೊತೆಯಲ್ಲೇ ಬದುಕಿದ್ದವು. ಹುಲ್ಲು ಮೇಯುವ ಕುದುರೆಗಳು ಬಂದ ಮೇಲೂ ಎಲೆ ತಿನ್ನುವ ಹೈಪೊಹಿಪ್ಪಸ್‌ನಂಥವು ಕಾಡಂಚಿನಲ್ಲಿ ಬಹುಕಾಲ ಉಳಿದವು. ನ್ಯಾನಿಪ್ಪಸ್ ಎಂಬ ಕವಲಂತೂ ಗಿಡ್ಡಗಾಗುವ ದಾರಿಯನ್ನೇ ಹಿಡಿಯಿತು. 2017ರ ಒಂದು ಅಧ್ಯಯನ ಕಳೆದ 1.8 ಕೋಟಿ ವರ್ಷಗಳ 138 ಕುದುರೆ ಪ್ರಭೇದಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಇಂದು ಬದುಕಿರುವುದು ಏಳು: ಕುದುರೆ, ಮೂರು ಬಗೆಯ ಜೀಬ್ರಾ, ಆಫ್ರಿಕದ ಕಾಡುಕತ್ತೆ, ಏಷ್ಯಾದ ಕಾಡುಕತ್ತೆ, ಕಿಯಾಂಗ್ ಎಂಬ ಟಿಬೆಟ್ ಸೀಮೆಯ ಕಾಡುಕತ್ತೆ. ಕೊನೆಯ ಎರಡನ್ನು ಭಾರತದಲ್ಲೇ ಕಾಣಬಹುದು, ಕಛ್‌ನ ಚಿಕ್ಕ ರಣದಲ್ಲಿ ಮತ್ತು ಲಡಾಖ್‌ನಲ್ಲಿ. 138ರಲ್ಲಿ ಉಳಿದದ್ದು ಒಂದೇ ಕುಲವಾದ್ದರಿಂದ ಹಿಂದಕ್ಕೆ ನೋಡಿದರೆ ನೇರ ದಾರಿ ಕಾಣುತ್ತದೆ. ಮಿಕ್ಕ ಕೊಂಬೆಗಳೂ ಬದುಕಿದ್ದರೆ ಯಾರೂ ಅದನ್ನು ಏಣಿ ಎನ್ನುತ್ತಿರಲಿಲ್ಲ, ಪೊದೆ ಎನ್ನುತ್ತಿದ್ದರು.

ಹಲ್ಲಿನ ಲೆಕ್ಕ

ಮಸ್ಟ್ಯಾಂಗ್ ವಿವಾದಕ್ಕೆ ನೇರವಾಗಿ ತಾಗುವ ಭಾಗ ಹಲ್ಲು. ಹುಲ್ಲಿನ ದೇಹದಲ್ಲಿ ಸಿಲಿಕಾದ ಸೂಕ್ಷ್ಮ ಕಣಗಳಿವೆ. ನೆಲಕ್ಕೆ ಬಾಯಿ ಹಚ್ಚಿ ಮೇಯುವಾಗ ಮಣ್ಣು, ಮರಳು, ಬೂದಿಯೂ ಬಾಯಿಗೆ ಹೋಗುತ್ತದೆ. ಗಿಡ್ಡ ಹಲ್ಲು ಇದಕ್ಕೆ ಬೇಗ ಸವೆದುಹೋಗುತ್ತದೆ. ಇವತ್ತಿನ ಎಳೆಯ ಕುದುರೆಯ ದವಡೆ ಹಲ್ಲನ್ನು ಪೂರ್ತಿ ಹೊರತೆಗೆದರೆ 7–8 ಸೆಂಟಿಮೀಟರ್ ಉದ್ದ ಇರುತ್ತದೆ. ಅದರಲ್ಲಿ ಒಸಡಿನ ಮೇಲೆ ಕಾಣುವುದು ತುದಿ ಮಾತ್ರ, ಉಳಿದದ್ದೆಲ್ಲ ದವಡೆಯೊಳಗೆ ದಾಸ್ತಾನು. ವರ್ಷಕ್ಕೆ 2–3 ಮಿಲಿಮೀಟರ್ ಸವೆದಷ್ಟೂ ಕೆಳಗಿನಿಂದ ಮೇಲೆ ಬರುತ್ತಲೇ ಇರುತ್ತದೆ. ಭಾಗಿಸಿ ನೋಡಿದರೆ ಸುಮಾರು 30 ವರ್ಷ. ಕುದುರೆಯ ಆಯಸ್ಸೂ ಹೆಚ್ಚುಕಡಿಮೆ ಅಷ್ಟೇ.

ಸವೆದ ಮೇಲ್ಮೈಯನ್ನು ಹತ್ತಿರದಿಂದ ನೋಡಿದರೆ ಗಟ್ಟಿ ಎನಾಮೆಲ್ ಸುರುಳಿ ಸುರುಳಿಯಾಗಿ ಮಡಿಚಿಕೊಂಡಿರುವುದು, ಮಡಿಕೆಗಳ ನಡುವೆ ಮೆದುವಾದ ಡೆಂಟಿನ್ ಮತ್ತು ಸಿಮೆಂಟಮ್ ತುಂಬಿರುವುದು ಕಾಣುತ್ತದೆ. ಮೆದುವಾದದ್ದು ಬೇಗ ಸವೆಯುತ್ತದೆ, ಗಟ್ಟಿಯಾದದ್ದು ಏಣಿನಂತೆ ಎದ್ದು ನಿಲ್ಲುತ್ತದೆ. ಬೀಸುಕಲ್ಲಿಗೆ ಆಗಾಗ ಮುಳ್ಳು ಹೊಡೆಸಬೇಕಲ್ಲ, ಈ ಹಲ್ಲು ಸವೆಯುತ್ತಲೇ ತನ್ನ ಮುಳ್ಳನ್ನು ತಾನೇ ಹೊಡೆದುಕೊಳ್ಳುತ್ತದೆ. ಸುಮಾರು 1.7 ಕೋಟಿ ವರ್ಷಗಳ ಹಿಂದಿನ, ಒಂದು ಮೀಟರ್ ಎತ್ತರದ ಮೆರಿಚಿಪ್ಪಸ್‌ನಲ್ಲಿ ಈ ರಚನೆ ಚೆನ್ನಾಗಿ ಕಾಣತೊಡಗುತ್ತದೆ.

ಈ ಯಂತ್ರ ಕೆಡುವುದು ಎಲ್ಲಿ ಎಂಬುದರಿಂದಲೂ ಅದು ಯಾವುದಕ್ಕಾಗಿ ರೂಪುಗೊಂಡಿತು ಎಂದು ತಿಳಿಯುತ್ತದೆ. ಕುದುರೆಯ ಮೇಲ್ದವಡೆ ಕೆಳದವಡೆಗಿಂತ ಅಗಲ. ಒಣಹುಲ್ಲು ಅಗಿಯುವಾಗ ದವಡೆ ಅಡ್ಡಡ್ಡ ಪೂರ್ತಿ ಚಲಿಸಿ ಹಲ್ಲು ಸಮನಾಗಿ ಸವೆಯುತ್ತದೆ. ಲಾಯದಲ್ಲಿ ಕಟ್ಟಿ ಹುರುಳಿ, ಬೂಸಾ, ಧಾನ್ಯವನ್ನೇ ಹೆಚ್ಚಾಗಿ ಕೊಟ್ಟರೆ ಅಗಿತ ಮೇಲೆ ಕೆಳಗೆ ಮಾತ್ರ ಆಗುತ್ತದೆ. ಆಗ ಮೇಲಿನ ಹಲ್ಲಿನ ಹೊರ ಅಂಚು, ಕೆಳಗಿನದರ ಒಳ ಅಂಚು ಸವೆಯದೆ ಚೂಪಾಗಿ ಕೆನ್ನೆ, ನಾಲಿಗೆಯನ್ನು ಕೊಯ್ಯುತ್ತದೆ. ಕುದುರೆ ಅರ್ಧ ಅಗಿದ ಮೇವಿನ ಉಂಡೆಯನ್ನು ಉಗುಳತೊಡಗಿದರೆ, ಒಂದು ಕಡೆಯಲ್ಲೇ ಅಗಿದರೆ, ಲಗಾಮು ಎಳೆದಾಗ ತಲೆ ಕೊಡವಿದರೆ ಮೊದಲು ನೋಡಬೇಕಾದ್ದು ಇದನ್ನೇ. ವರ್ಷಕ್ಕೊಮ್ಮೆಯಾದರೂ ಪಶುವೈದ್ಯರಿಂದ ಹಲ್ಲು ಅರ ಹಾಕಿಸಬೇಕು. ದಿನಕ್ಕೆ ದೇಹತೂಕದ ಶೇ 1.5ರಿಂದ 2ರಷ್ಟು, ಎಂದರೆ 400 ಕಿಲೋ ಕುದುರೆಗೆ 6–8 ಕಿಲೋ ಒಣಹುಲ್ಲಿನ ಲೆಕ್ಕದ ನಾರುಮೇವು ಹೊಟ್ಟೆಗೆ ಹೋಗಬೇಕು. ಹುರುಳಿ ಅದರ ಮೇಲಿನ ಸೇರ್ಪಡೆ, ಬದಲಿ ಅಲ್ಲ.

ಹುಲ್ಲುಗಾವಲು ಬಂತು, ಹಲ್ಲು ಉದ್ದವಾಯಿತು ಎಂದು ಒಂದೇ ಉಸಿರಿನಲ್ಲಿ ಹೇಳುವುದು ರೂಢಿ. ಮಣ್ಣಿನಲ್ಲಿ ಉಳಿದ ಹುಲ್ಲಿನ ಸಿಲಿಕಾ ಕಣಗಳನ್ನು ಎಣಿಸಿದಾಗ ಬೇರೆಯೇ ಚಿತ್ರ ಸಿಕ್ಕಿತು. ಅಮೆರಿಕದ ನಡುಬಯಲಿನಲ್ಲಿ ಹುಲ್ಲು ಹರಡಿ ಕನಿಷ್ಠ 40 ಲಕ್ಷ ವರ್ಷಗಳಾದ ಮೇಲೆ ಕುದುರೆಯ ಹಲ್ಲು ಉದ್ದವಾಗಿದೆ. ಆಹಾರ ಮೊದಲು ಬದಲಾಗಿ, ದೇಹ ಬಹಳ ತಡವಾಗಿ ಹಿಂದೆ ಬಂದಿದೆ.

ಬೆರಳು ಎಲ್ಲಿ ಹೋಯಿತು

ಕುದುರೆಯ ಮುಂಗಾಲಿನಲ್ಲಿ ನಾವು ಮಂಡಿ ಎನ್ನುವುದು ಅದರ ಮಣಿಕಟ್ಟು. ಅದರ ಕೆಳಗಿನ ಉದ್ದ ಮೂಳೆ ಅಂಗೈಯ ನಡುಮೂಳೆ, ಗೊರಸು ನಡುಬೆರಳಿನ ಉಗುರು. ಆ ಉದ್ದ ಮೂಳೆಯ ಹಿಂಬದಿಯಲ್ಲಿ ಎರಡೂ ಪಕ್ಕ ಬೆರಳಾಡಿಸಿದರೆ ಮೇಲೆ ದಪ್ಪಗಿದ್ದು ಕೆಳಗೆ ಪೆನ್ಸಿಲ್ ಮೊನೆಯಂತೆ ಸಣ್ಣಗಾಗಿ ಅಂಗಿಯ ಗುಂಡಿಯಂಥ ಚಿಕ್ಕ ಉಬ್ಬಿನಲ್ಲಿ ಮುಗಿಯುವ ಎರಡು ಮೂಳೆ ಸಿಗುತ್ತವೆ. ಮೂರು ಬೆರಳಿದ್ದ ಕಾಲದ ಪಕ್ಕದ ಎರಡು ಬೆರಳುಗಳ ಬುಡ ಅವು. ರೇಸ್ ಕುದುರೆ ಸಾಕುವವರಿಗೆ ಇವುಗಳ ಪರಿಚಯ ನೋವಿನಿಂದಲೇ ಆಗಿರುತ್ತದೆ. ಎಳೆಯ ಕುದುರೆಯನ್ನು ಗಟ್ಟಿ ನೆಲದ ಮೇಲೆ ಬೇಗ ಓಡಿಸಿದರೆ ಈ ಮೂಳೆಯನ್ನು ನಡುಮೂಳೆಗೆ ಬಿಗಿದಿರುವ ಅಂಟು ಹರಿದು, ಬಿಸಿಯಾಗಿ ಊದಿ, ಕೊನೆಗೆ ಮೂಳೆಯ ಗಂಟಾಗಿ ನಿಲ್ಲುತ್ತದೆ. ಲಾಯದವರು ಇದನ್ನೇ ಸ್ಪ್ಲಿಂಟ್ ಎನ್ನುವುದು. ಮುಂಗಾಲಿನ ಒಳಬದಿಯಲ್ಲೇ ಇದು ಹೆಚ್ಚು; ಅಲ್ಲಿನ ಸಣ್ಣ ಮೂಳೆಯ ಮೇಲೆ ಮಣಿಕಟ್ಟಿನ ಭಾರ ನೇರವಾಗಿ ಬೀಳುತ್ತದೆ. ಬೆರಳು ಹೋಗಿದೆ, ಭಾರ ಹೊರುವ ಕೆಲಸ ಪೂರ್ತಿ ಹೋಗಿಲ್ಲ.

ಬೆರಳು ಕಳಚಿದ್ದೇಕೆ? 2017ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಪಳೆಯುಳಿಕೆ ಕುದುರೆಗಳ ನಡುಮೂಳೆಯನ್ನು ಸ್ಕ್ಯಾನ್ ಮಾಡಿ, ಅಡ್ಡ ಕತ್ತರಿಸಿದಾಗ ಕಾಣುವ ಆಕಾರದಿಂದ ಅದು ಎಷ್ಟು ಬಾಗುವಿಕೆ ತಾಳುತ್ತದೆ ಎಂದು ಲೆಕ್ಕ ಹಾಕಿದರು. ಪಕ್ಕದ ಬೆರಳು ಸಣ್ಣದಾದಂತೆಲ್ಲ ನಡುಮೂಳೆ ಒಳಗಿನಿಂದ ಬಲಗೊಂಡಿತ್ತು. ಕಾಲಿನ ತುದಿಯಲ್ಲಿ ಭಾರ ಕಡಿಮೆಯಾದಷ್ಟೂ ಅದನ್ನು ಹಿಂದೆ ಮುಂದೆ ಬೀಸಲು ಶಕ್ತಿ ಕಡಿಮೆ ಸಾಕು. ದೂರದೂರದ ಹುಲ್ಲು ನೀರಿಗಾಗಿ ಅಲೆಯುವ ದೊಡ್ಡ ಪ್ರಾಣಿಗೆ ಇದು ದೊಡ್ಡ ಉಳಿತಾಯ.

ಹಾಗೆಂದು ಮೂರು ಬೆರಳು ಸೋತ ವಿನ್ಯಾಸವಲ್ಲ. ನೆಬ್ರಾಸ್ಕದ ಆ್ಯಶ್‌ಫಾಲ್ ಎಂಬಲ್ಲಿ ಸುಮಾರು 1.2 ಕೋಟಿ ವರ್ಷಗಳ ಹಿಂದೆ ದೂರದ ಜ್ವಾಲಾಮುಖಿಯ ಬೂದಿ ಬಿದ್ದು, ನೀರಿನ ಹೊಂಡದ ಸುತ್ತಲಿದ್ದ ಪ್ರಾಣಿಗಳು ಅದನ್ನು ಉಸಿರಾಡಿ ಸತ್ತವು. ಸತ್ತು ಬಿದ್ದ ಭಂಗಿಯಲ್ಲೇ ಅಸ್ಥಿಪಂಜರಗಳು ಉಳಿದಿವೆ. ಒಂದೇ ಹೊಂಡದಲ್ಲಿ ಐದು ಬಗೆಯ ಕುದುರೆಗಳು, ಮೂರು ಬೆರಳಿನವೂ ಒಂದು ಬೆರಳಿನವೂ ಕೂಡಿ ನೀರು ಕುಡಿಯುತ್ತಿದ್ದವು. ತಾಂಜಾನಿಯಾದ ಲೇಟೋಲಿಯಲ್ಲಿ 36 ಲಕ್ಷ ವರ್ಷಗಳ ಹಿಂದಿನ ಬೂದಿಯ ಮೇಲೆ ಎರಡು ಕಾಲಲ್ಲಿ ನಡೆದ ಮಾನವಪೂರ್ವಜರ ಪ್ರಸಿದ್ಧ ಹೆಜ್ಜೆಗಳಿವೆಯಲ್ಲ, ಅದೇ ನೆಲೆಯಲ್ಲಿ ಹಿಪ್ಪಾರಿಯನ್ ಗುಂಪಿನ ಮೂರು ಬೆರಳಿನ ಕುದುರೆಗಳ ಹೆಜ್ಜೆಯೂ ಅಚ್ಚೊತ್ತಿದೆ. ಒಂದೂವರೆ ಕೋಟಿಗೂ ಹೆಚ್ಚು ವರ್ಷ ಯಶಸ್ವಿಯಾಗಿ ನಡೆದ ಕಾಲು ಅದು.

ಮೂರು ಸಲ ದಾಟಿದ ಗಡಿ

ಅಲಾಸ್ಕಕ್ಕೂ ಸೈಬೀರಿಯಕ್ಕೂ ನಡುವೆ ಸಮುದ್ರ ಇಳಿದಾಗಲೆಲ್ಲ ನೆಲ ತೆರೆದುಕೊಳ್ಳುತ್ತಿತ್ತು. ಸುಮಾರು 1.8 ಕೋಟಿ ವರ್ಷಗಳ ಹಿಂದೆ ಎಲೆ ತಿನ್ನುವ ಆಂಕಿಥೀರಿಯಮ್, 1.1 ಕೋಟಿ ವರ್ಷಗಳ ಹಿಂದೆ ಹಿಪ್ಪಾರಿಯನ್‌ಗಳು, 26 ಲಕ್ಷ ವರ್ಷಗಳ ಹಿಂದೆ ಒಂಟಿ ಗೊರಸಿನ ಈಕ್ವಸ್ ಹೀಗೆ ಏಷ್ಯಾಕ್ಕೆ ಬಂದವು. ಕೊನೆಯ ಎರಡು ಅಲೆಗಳು ನಮ್ಮ ಶಿವಾಲಿಕ್ ಬೆಟ್ಟಗಳಲ್ಲಿ ಅಚ್ಚುಕಟ್ಟಾಗಿ ದಾಖಲಾಗಿವೆ. ಕೆಳಗಿನ ಪದರಗಳಲ್ಲಿ ಹಿಪ್ಪಾರಿಯನ್ ಹಲ್ಲು, ಮೇಲಿನ ಪಿಂಜೋರ್ ಪದರದಲ್ಲಿ ಈಕ್ವಸ್ ಸಿವಾಲೆನ್ಸಿಸ್. ಈ ಹೆಸರಿಟ್ಟವರು ಬ್ರಿಟಿಷ್ ಸಂಶೋಧಕರಾದ ಫಾಕನರ್ ಮತ್ತು ಕಾಟ್ಲಿ, 1849ರಲ್ಲಿ. ನರ್ಮದಾ ಕಣಿವೆಯಲ್ಲಿ ಈಕ್ವಸ್ ನಮಾಡಿಕಸ್ ಸಿಕ್ಕಿದೆ. ಇವು ಯಾವುವೂ ಇಂದಿನ ಸಾಕುಕುದುರೆಯ ಪೂರ್ವಜರಲ್ಲ, ಬೇರೆ ಕವಲು. ವಿಜಯನಗರದ ಅರಸರು ಭಟ್ಕಳ, ಗೋವೆಯ ಬಂದರುಗಳಲ್ಲಿ ಹಣ ಸುರಿದು ಇಳಿಸಿಕೊಂಡ ಅರಬ್ಬಿ, ಪಾರಸಿ ಕುದುರೆಗಳಿಗೂ ನರ್ಮದೆಯ ಮೂಳೆಗಳಿಗೂ ನೇರ ನಂಟಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಭಾರತದ ಪಾತ್ರ ದೊಡ್ಡದಾಗುತ್ತದೆ. ಸೂರತ್ ಬಳಿಯ ವಾಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸಿಕ್ಕ, ಸುಮಾರು 5.45 ಕೋಟಿ ವರ್ಷ ಹಳೆಯ ಕ್ಯಾಂಬೆಥೀರಿಯಮ್, ಕುದುರೆ, ಘೇಂಡಾಮೃಗ, ಟೇಪಿರ್‌ಗಳ ಇಡೀ ಗುಂಪಿಗೆ ಅತ್ಯಂತ ಹತ್ತಿರದ ದಾಯಾದಿ. ಅಂದರೆ ಆ ಗುಂಪಿನ ಬೇರು, ಭಾರತ ಇನ್ನೂ ದ್ವೀಪವಾಗಿ ಉತ್ತರಕ್ಕೆ ತೇಲುತ್ತಿದ್ದ ಕಾಲದಲ್ಲಿ ಇಲ್ಲೇ ಇದ್ದಿರಬಹುದು ಎಂಬ ವಾದಕ್ಕೆ ಬಲ ಬಂದಿದೆ. ‘ಕುದುರೆ ಅಮೆರಿಕದ್ದು’ ಎನ್ನುವವರು ಎಷ್ಟು ಹಿಂದಕ್ಕೆ ಹೋಗಿ ನಿಲ್ಲುತ್ತೇವೆ ಎಂದು ಹೇಳಲೇಬೇಕಾಗುವುದು ಇದಕ್ಕೇ.

ಜೀನೋಮ್ ತಂದ ತಿರುವು

2013ರಲ್ಲಿ ಕೆನಡಾದ ಯುಕಾನ್‌ನ ಹೆಪ್ಪುನೆಲದಲ್ಲಿ ಸಿಕ್ಕ, 5.6ರಿಂದ 7.8 ಲಕ್ಷ ವರ್ಷ ಹಳೆಯ ಕುದುರೆ ಮೂಳೆಯಿಂದ ಪೂರ್ತಿ ಜೀನೋಮ್, ಅಂದರೆ ಡಿಎನ್‌ಎಯ ಇಡೀ ಬರಹ, ಓದಲಾಯಿತು. ಅದರ ಲೆಕ್ಕದಂತೆ ಇಂದಿನ ಕುದುರೆ, ಕತ್ತೆ, ಜೀಬ್ರಾಗಳೆಲ್ಲದರ ಸಾಮಾನ್ಯ ಪೂರ್ವಜ ಬದುಕಿದ್ದು 40–45 ಲಕ್ಷ ವರ್ಷಗಳ ಹಿಂದೆ. 2021ರ ಇನ್ನೊಂದು ಅಧ್ಯಯನ, ಅಮೆರಿಕದ ಮತ್ತು ಯುರೇಷ್ಯಾದ ಕುದುರೆಗಳು ಸುಮಾರು 10 ಲಕ್ಷದಿಂದ 8 ಲಕ್ಷ ವರ್ಷಗಳ ಹಿಂದೆ ಬೇರ್ಪಟ್ಟರೂ, ಆಮೇಲೂ ಎರಡೂ ಕಡೆಯಿಂದ ದಾಟಿ ಬಂದು ಕೂಡುತ್ತಲೇ ಇದ್ದವು ಎಂದು ತೋರಿಸಿತು. ಹಿಮಯುಗದ ಕೊನೆಯಲ್ಲಿ ಅಮೆರಿಕದಲ್ಲಿ ಅಳಿದ ಕುದುರೆ, ಯುರೇಷ್ಯಾದಲ್ಲಿ ಉಳಿದ ಕುದುರೆಗೆ ತೀರಾ ಹತ್ತಿರದ ಬಂಧು. ಮೂಳೆಗಳ ಸಾಕ್ಷ್ಯ ಸುಮಾರು 11 ಸಾವಿರ ವರ್ಷಗಳ ಹಿಂದಕ್ಕೆ ನಿಲ್ಲುತ್ತದೆ. ಯುಕಾನ್ ಮಣ್ಣಿನಲ್ಲಿ ಉಳಿದ ಡಿಎನ್‌ಎ ಮಾತ್ರ ಕೆಲವು ಕುದುರೆಗಳು 6 ಸಾವಿರ ವರ್ಷಗಳ ಹಿಂದಿನವರೆಗೂ ಇದ್ದಿರಬಹುದು ಎನ್ನುತ್ತದೆ. ಮಸ್ಟ್ಯಾಂಗ್ ಪರ ವಾದದ ಗಟ್ಟಿ ನೆಲ ಇದು.

ಎದುರು ವಾದದ ಗಟ್ಟಿ ನೆಲವೂ 2021ರದ್ದೇ. 273 ಪ್ರಾಚೀನ ಕುದುರೆಗಳ ಜೀನೋಮ್ ಹೋಲಿಸಿದಾಗ, ಇಂದಿನ ಎಲ್ಲ ಸಾಕುಕುದುರೆಗಳೂ ರಷ್ಯಾದ ವೋಲ್ಗಾ-ಡಾನ್ ನದಿಗಳ ಕೆಳಭಾಗದ ಹುಲ್ಲುಗಾವಲಿನ ಒಂದೇ ಗುಂಪಿನಿಂದ ಬಂದವು ಎಂದು ಗೊತ್ತಾಯಿತು. ಕ್ರಿ.ಪೂ. 2000ದ ಸುಮಾರಿಗೆ ಅವು ಸಿಡಿದಂತೆ ಹರಡಿ ಉಳಿದ ಸ್ಥಳೀಯ ಕುದುರೆಗಳ ಜಾಗ ಹಿಡಿದವು. ಬೆನ್ನಿನ ಬಲಕ್ಕೂ ಶಾಂತ ಸ್ವಭಾವಕ್ಕೂ ಸಂಬಂಧಿಸಿದ ಎರಡು ಜೀನ್‌ಗಳನ್ನು ಮನುಷ್ಯ ಆಯ್ದು ಬೆಳೆಸಿದ ಗುರುತು ಅವುಗಳಲ್ಲಿದೆ. 1493ರಲ್ಲಿ ಕೊಲಂಬಸ್ ಎರಡನೇ ಯಾನದಲ್ಲಿ ಕೆರಿಬಿಯನ್‌ಗೆ, 1519ರಲ್ಲಿ ಕೊರ್ಟೆಸ್ ಮೆಕ್ಸಿಕೊಗೆ ಇಳಿಸಿದ್ದು ಈ ವಂಶದವನ್ನೇ. ಮಸ್ಟ್ಯಾಂಗ್ ರಕ್ತದಲ್ಲಿರುವುದೂ ಅದೇ.

ಮಂಗೋಲಿಯದ ಪ್ರಜೆವಾಲ್‌ಸ್ಕಿ ಕುದುರೆಯ ಉದಾಹರಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಭೂಮಿಯ ಮೇಲೆ ಉಳಿದ ಏಕೈಕ ನಿಜವಾದ ಕಾಡುಕುದುರೆ ಎಂದು ಅದಕ್ಕೆ ಹೆಸರಿತ್ತು. ಸಾಕುಕುದುರೆಗೆ 64 ವರ್ಣತಂತು, ಇದಕ್ಕೆ 66. ಕಜಕಿಸ್ತಾನದ ಬೊಟಾಯ್‌ನಲ್ಲಿ ಸುಮಾರು 5,500 ವರ್ಷಗಳ ಹಿಂದೆ ಜನ ಇಟ್ಟುಕೊಂಡಿದ್ದ ಕುದುರೆಗಳ ವಂಶವೇ ಇದು ಎಂದು 2018ರ ಡಿಎನ್‌ಎ ಅಧ್ಯಯನ ಹೇಳಿತು. ಬೊಟಾಯ್‌ನವರು ನಿಜವಾಗಿ ಸಾಕಿದ್ದರೋ, ಬೇಟೆಯಾಡುತ್ತಿದ್ದರೋ ಎಂಬ ಚರ್ಚೆ ಇನ್ನೂ ನಡೆದಿದೆ. ಸಾಕಿದ್ದರೆ, ಪ್ರಜೆವಾಲ್‌ಸ್ಕಿಯೂ ಮಸ್ಟ್ಯಾಂಗ್‌ನಂತೆ ಕಾಡುಬಿದ್ದ ಕುದುರೆಯೇ. ಹಾಗೆಂದು ಅದರ ರಕ್ಷಣೆಯನ್ನು ಯಾರೂ ಕೈಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ.

ಆದ್ದರಿಂದ ಕುಲದ ಮಟ್ಟದಲ್ಲಿ ಮಸ್ಟ್ಯಾಂಗ್ ಉತ್ತರ ಅಮೆರಿಕದ್ದೇ. ಪ್ರಭೇದದ ಮಟ್ಟದಲ್ಲೂ ಹಾಗೆ ವಾದಿಸಲು ಆಧಾರವಿದೆ. ಗುಂಪಿನ ಮಟ್ಟದಲ್ಲಿ, ಮನುಷ್ಯ 4 ಸಾವಿರ ವರ್ಷ ತಿದ್ದಿದ ವೋಲ್ಗಾ-ಡಾನ್ ವಂಶ. ‘ಹೊರಗಿನ ಜೀವಿ’ ಎಂದು, ಹೊರಗಿನಿಂದ ಬಂದು ಅಲ್ಲಿ ಕಾಡುಬಿದ್ದ ಹಂದಿಯ ಸಾಲಿಗೆ ಅದನ್ನು ಸೇರಿಸುವುದು ಪಳೆಯುಳಿಕೆಗೆ ಮಾಡುವ ಅನ್ಯಾಯ. ಆದರೆ ‘ತವರಿಗೆ ಮರಳಿದೆ, ಹಾಗೇ ಬಿಡಿ’ ಎಂಬುದೂ ನಿಲ್ಲದು. ಬಿಟ್ಟುಹೋದ ಮನೆ ಈಗ ಹಾಗಿಲ್ಲ. ಆಗ ಅಮೆರಿಕದ ಸಿಂಹ, ಕತ್ತಿಹಲ್ಲಿನ ಬೆಕ್ಕು, ದೊಡ್ಡ ತೋಳಗಳಿದ್ದವು. ಈಗ ಹೆಚ್ಚಿನ ಕಡೆ ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕು ಬಿಟ್ಟರೆ ಕುದುರೆಯನ್ನು ಹಿಡಿಯುವವರಿಲ್ಲ, ಹಿಂಡು ವರ್ಷಕ್ಕೆ ಶೇ 15–20ರಂತೆ ಬೆಳೆದು ನಾಲ್ಕೈದು ವರ್ಷಕ್ಕೆ ದುಪ್ಪಟ್ಟಾಗುತ್ತದೆ. ಬೇಲಿಗಳಿರುವುದರಿಂದ ಹುಲ್ಲು ಮುಗಿದಾಗ ಬೇರೆಡೆಗೆ ಹೋಗಲೂ ಆಗದು.

ಪೂರ್ವಜರಿಂದ ಬಂದ ಬಾಯಿ, ಹೊಟ್ಟೆಯ ಲೆಕ್ಕವೂ ಇಲ್ಲಿ ಸೇರುತ್ತದೆ. ದನಕ್ಕೆ ಮೇಲ್ದವಡೆಯಲ್ಲಿ ಬಾಚಿಹಲ್ಲಿಲ್ಲ, ನಾಲಿಗೆಯಿಂದ ಸುತ್ತಿ ಎಳೆದು ತಿನ್ನುತ್ತದೆ. ಕುದುರೆಗೆ ಎರಡೂ ಕಡೆ ಇರುವುದರಿಂದ ನೆಲಮಟ್ಟಕ್ಕೆ ಕತ್ತರಿಸಬಲ್ಲದು. ದನ ಮೆಲುಕು ಹಾಕಿ ಸಾರವನ್ನೆಲ್ಲ ತೆಗೆಯುತ್ತದೆ. ಕುದುರೆಯ ಮೇವು ಕೊಳೆತು ಜೀರ್ಣವಾಗುವುದು ಹಿಂಗರುಳಿನಲ್ಲಿ, ಸಾರ ಕಡಿಮೆ ಸಿಕ್ಕರೂ ಬೇಗ ಮುಂದೆ ಸಾಗುತ್ತದೆ. ಹೀಗಾಗಿ ದನ ಸೊರಗುವ ಒರಟು ಹುಲ್ಲಿನಲ್ಲೂ, ಹೆಚ್ಚು ತಿಂದು, ಕುದುರೆ ಬದುಕುತ್ತದೆ. ಬರಗಾಲದಲ್ಲಿ ಮಸ್ಟ್ಯಾಂಗ್ ಸಾಯುವ ಮೊದಲೇ ಹುಲ್ಲಿನ ಬುಡ ಸಾಯುವುದು ಇದರಿಂದ.

ಸಂಖ್ಯೆ ತಡೆಯಲು ಈಗ ಇರುವ ಸೌಮ್ಯ ಉಪಾಯ ಪಿಝಡ್‌ಪಿ ಲಸಿಕೆ. ಹೆಣ್ಣು ಕುದುರೆಗೆ ದೂರದಿಂದ ಡಾರ್ಟ್ ಹೊಡೆದು ಕೊಡಬಹುದು, ಗರ್ಭ ಕಟ್ಟದಂತೆ ತಡೆಯುತ್ತದೆ. ಮೊದಲ ಸಲ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಹತ್ತಿರ ಬಿಟ್ಟುಕೊಳ್ಳುವ, ಒಂದೊಂದನ್ನೂ ಗುರುತಿಸಬಹುದಾದ ಚಿಕ್ಕ ಹಿಂಡುಗಳಲ್ಲಿ ಇದು ಚೆನ್ನಾಗಿ ನಡೆದಿದೆ. ನೆವಾಡಾದ ಲಕ್ಷಾಂತರ ಎಕರೆ ಬಯಲಿನಲ್ಲಿ ಅದೇ ಕುದುರೆಯನ್ನು ಪ್ರತಿ ವರ್ಷ ಹುಡುಕಿ ಡಾರ್ಟ್ ಹೊಡೆಯುವುದು ಆಗದ ಕೆಲಸ, ಒಂದು ವರ್ಷ ತಪ್ಪಿದರೆ ಮರಿ ಹುಟ್ಟುತ್ತದೆ.